ರಸಿಕನ ಕಿವಿ

ಶ್ವೇತ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡಳು. ಏನೂ ಕೇಳಲಿಲ್ಲ. ಎಡಬಲ ಬದಲಿಸಿದಳು. ಗುಂಡಿಗಾಗಿ ಬೆರಳಾಡಿಸಿದಳು. ಸಿಗಲಿಲ್ಲ. ವೈರಿಲ್ಲದ ನಮೂನೆಯದು. ಬ್ಯಾಟರಿ ಮುಗಿದಿರಬೇಕು. ಅಥವಾ ಇದಕ್ಕೂ ಬುದ್ಧಿ ಬೇಕೇನೋ.

ಗಂಡ ರಘುನಂದನನ ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅದು.

ಯಾರೋ ಭುಜ ಹಿಡಿದು ಅಲ್ಲಾಡಿಸಿದರು. ಬೂಕನಕೆರೆಯಿಂದ ಬಂದು ಉಳಿದಿದ್ದ ಅತ್ತೆ ದ್ಯಾವಮ್ಮ.

"ಆಗ್ಲಿಂದ ಕೂಗ್ತಾವ್ನಿ, ಕೇಳಕಿಲ್ವಾ? ಆಲು ಉಕ್ಕೋಯ್ತು."

ಶ್ವೇತ ಹೆಡ್‌ಫೋನು ತೆಗೆದಳು. "ಅವರು ಇದರಲ್ಲೇ ಸಂಗೀತ ಕೇಳ್ತಿದ್ರಲ್ಲತ್ತೆ. ನನಗೆ ಬರ್ತಾನೇ ಇಲ್ಲ."

"ನಿಂಗೆಲ್ಲಿಂದ ಬಂದಾತು? ಅವ್ನ ತಲೆನೇ ಬ್ಯಾರೆ ಕಣವ್ವ. ಅವ್ನೇ ಯೋಳ್ತಿದ್ನಲ್ಲ."

ಹೇಳುತ್ತಿದ್ದ. ಮದುವೆಯಾದ ಹೊಸತರಲ್ಲಿ ಮೈಸೂರಿನ ಸಂಗೀತ ಕಛೇರಿಯೊಂದರಲ್ಲಿ ಶ್ವೇತ ಅವನ ಭುಜಕ್ಕೊರಗಿ ತೂಕಡಿಸಿದ್ದಳು. ಆಮೇಲೆ ಶ್ರೀರಂಗಪಟ್ಟಣದ ಮನೆಗೆ ಯಾರೇ ಬರಲಿ, ಅವರ ಮುಂದೆ ಅದೇ ತಮಾಷೆ. "ಶಾಸ್ತ್ರೀಯ ಸಂಗೀತ ರುಚಿಸೋದು ಬುದ್ಧಿ ಇದ್ದೋರಿಗೆ. ಎಂ.ಎಸ್ಸಿ. ಮಾಡಿದ ತಕ್ಷಣ ಬಂದ್ಬುಡಲ್ಲ ಅದು." ಗಣಿತದಲ್ಲಿ ಎಂ.ಎಸ್ಸಿ. ಮಾಡಿದ್ದ ಶ್ವೇತ ಕಾಫಿ ಲೋಟ ಇಟ್ಟು ನಗುತ್ತಿದ್ದಳು. ನಗದಿದ್ದರೆ ಇವಳಿಗೆ ತಮಾಷೆಯೂ ಅರ್ಥವಾಗುವುದಿಲ್ಲ ಎನ್ನುತ್ತಿದ್ದ.

ಅವಳಿಗೂ ಹಾಡು ಬರುತ್ತಿತ್ತು. ಪಾಲಹಳ್ಳಿಯಲ್ಲಿ ಅವ್ವನ ಬಾಯಿಂದ ಕಲಿತ ಸೋಬಾನೆ ಪದಗಳು. ಸೊಪ್ಪು ಬಿಡಿಸುವಾಗ ತಾವಾಗಿ ಬರುತ್ತಿದ್ದವು. "ಇದನ್ನೂ ಹಾಡು ಅಂತೀಯಾ?" ಎಂದಿದ್ದ ಒಮ್ಮೆ.

ಆಮೇಲೆ ಈ ಹೆಡ್‌ಫೋನು ಬಂತು. "ಪಾಂಡವಪುರದ ಪುಟ್ಟಸ್ವಾಮಿ ಅಂತ, ಅವರದು. ದೊಡ್ಡ ರಸಿಕರು. ನೀನು ಮುಟ್ಬೇಡ." ಸಂಜೆ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದವನೇ ಅದನ್ನು ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದ. ಅವಳು ಹತ್ತಿರ ಬಂದರೆ ಬೆರಳೆತ್ತಿ ತಡೆಯುತ್ತಿದ್ದ. ತೊಡೆಯ ಮೇಲೆ ತಾಳ ಹಾಕುತ್ತಿದ್ದ.

ಶ್ವೇತ ಗ್ರಂಥಾಲಯದಿಂದ ತಾಳಗಳ ಪುಸ್ತಕ ತಂದು ಓದಿದಳು. ಬಾಗಿಲ ಮರೆಯಲ್ಲಿ ನಿಂತು ಅವನ ಬೆರಳುಗಳನ್ನು ಎಣಿಸಿದಳು. ಒಂದು ಸುತ್ತು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಯಾವ ತಾಳಕ್ಕೂ ಕೂರುತ್ತಿರಲಿಲ್ಲ. ತಪ್ಪುತ್ತಿರುವುದು ತನ್ನ ಲೆಕ್ಕವೇ ಎಂದುಕೊಂಡಳು. ಕಡೆಗೆ ಎಣಿಸುವುದನ್ನೂ ಬಿಟ್ಟಳು, ಹಾಡುವುದನ್ನೂ ಬಿಟ್ಟಳು. ಇಬ್ಬರೇ ಇದ್ದ ಮನೆ. ಒಬ್ಬ ಸಂಗೀತದಲ್ಲಿ ಮುಳುಗಿದ್ದರೆ ಇನ್ನೊಬ್ಬಳು ಪಾತ್ರೆಯನ್ನೂ ಮೆಲ್ಲಗೆ ಇಡುತ್ತಿದ್ದಳು.

ಹೆದ್ದಾರಿಯ ಅಪಘಾತದಲ್ಲಿ ಅವನ ಫೋನೂ ಪುಡಿಯಾಗಿತ್ತು. ಅವನು ಏನು ಕೇಳುತ್ತಿದ್ದನೆಂದು ಹೇಳಬಲ್ಲವನು ಇನ್ನು ಪುಟ್ಟಸ್ವಾಮಿ ಒಬ್ಬನೇ.

"ಇದನ್ನ ಪಾಂಡವಪುರದ ಪುಟ್ಟಸ್ವಾಮಿಯವರಿಗೆ ಕೊಟ್ಟು ಬರ್ತೀನತ್ತೆ. ದೊಡ್ಡ ರಸಿಕರಂತೆ."

"ಯಾರು, ರೈಸ್‌ಮಿಲ್ ಪುಟ್ಟಸ್ವಾಮಿನಾ? ನಮ್ ಬತ್ತ ಅಲ್ಲೇ ಆಕ್ಸದು. ಅವ್ನಿಗೆ ಸಂಗೀತಾನಾ! ಯಾವಾಗ್ಲೂ ಮೊಕದ ತುಂಬ ತೌಡು ಮೆತ್ಕಂಡಿರ್ತನೆ ಮೂದೇವಿ." ಮಗ ಹೋದ ಮೇಲೆ ದ್ಯಾವಮ್ಮ ಮೊದಲ ಸಲ ನಕ್ಕಳು. ಕೂಡಲೇ ಸೆರಗು ಬಾಯಿಗೊತ್ತಿಕೊಂಡಳು. "ಇವತ್ತೇ ಓಗ್ಬೇಕಾ? ನೋಡ್ದೋರು ಏನಂದಾರು?"

"ಇನ್ನೊಬ್ಬರ ವಸ್ತು ನಮ್ಮನೇಲಿ ಯಾಕೆ?"

ನಿಜವಾದ ಕಾರಣ ಬೇರೆ. ಒಂದೇ ಒಂದು ಸಲ, ತಿಳಿದವರೊಬ್ಬರ ಎದುರು ಕೂತು, ರಘುನಂದನ ಕೇಳುತ್ತಿದ್ದುದನ್ನು ಕೇಳಬೇಕು. ರುಚಿಸಿದರೆ ಅವನು ಹೇಳಿದ್ದು ಸುಳ್ಳು. ತೂಕಡಿಕೆ ಬಂದರೆ ನಿಜ. ಇನ್ನು ಒಬ್ಬಳೇ ಬದುಕಬೇಕು. ತಾನು ದಡ್ಡಿಯೋ ಅಲ್ಲವೋ, ಅಷ್ಟು ತಿಳಿದರೆ ಸಾಕಿತ್ತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ. ತೌಡು ಮೆತ್ತಿದ ಮುಖದವನಿಗೂ ದಕ್ಕಿದ್ದು ತನಗೇಕೆ ದಕ್ಕಲಿಲ್ಲ?

ಕರೆಂಟು ಹೋಗಿ ಮಿಲ್ಲು ನಿಂತಿತ್ತು. ಪುಟ್ಟಸ್ವಾಮಿ ಬಾಗಿಲಲ್ಲೇ ಸಿಕ್ಕಿದ. ಹುಬ್ಬಿನ ಮೇಲೆ ನಿಜವಾಗಿಯೂ ತೌಡಿತ್ತು. ಬೂಕನಕೆರೆ ದ್ಯಾವಮ್ಮನ ಸೊಸೆ ಎಂದಳು.

"ಮೇಷ್ಟ್ರ ಮನೆಯೋರಾ! ಪೇಪರ್‌ನಾಗೆ ನೋಡ್ದೆ ಕಣವ್ವ. ಬತ್ತ ತಂದಾಗ ಒಂದೆರಡು ಮಾತಾಡೋರು, ಅಷ್ಟೇ ಪರಿಚಯ. ಆದ್ರೂ ಒಟ್ಟೆ ಉರೀತು." ಕುರ್ಚಿಯೊಂದನ್ನು ಒರೆಸಿ ಮುಂದಿಟ್ಟ.

ಶ್ವೇತ ಕೂರಲಿಲ್ಲ. ಚೀಲದಿಂದ ಹೆಡ್‌ಫೋನು ತೆಗೆದಳು. "ನಿಮ್ಮದಂತೆ."

"ಅಯ್ಯೋ, ಇದಕ್ಕೋಸ್ಕರ ಬಸ್ಸತ್ಕಂಡ್ ಬಂದ್ರಾ?"

"ಒಂದು ಕೇಳ್ಲಾ? ಅವರು ಇದರಲ್ಲಿ ಕೇಳ್ತಿದ್ದುದನ್ನ ನನಗೂ ಒಂದ್ಸಲ ಕೇಳಿಸ್ತೀರಾ?"

ಪುಟ್ಟಸ್ವಾಮಿ ಅವಳನ್ನೂ ಹೆಡ್‌ಫೋನನ್ನೂ ನೋಡಿದ. "ಇದ್ರಲ್ಲಾ? ಏನ್ ಕೇಳ್ಸದವ್ವ?"

"ಸಂಗೀತ."

ಅಷ್ಟರಲ್ಲಿ ಕರೆಂಟು ಬಂತು. ಪುಟ್ಟಸ್ವಾಮಿ ಒಳಕ್ಕೆ ತಿರುಗಿ ಕೂಗಿದ. "ಲೇ ಹೊನ್ನಪ್ಪ, ನಿಂದು ಬಂತು ತಕಳ್ಳಾ! ಇನ್ಮೇಲೆ ಕಿವಿಗೆ ಅಳ್ಳೆ ತುರ್ಕೊಳದು ತಪ್ತು."

ಹೊನ್ನಪ್ಪನೆಂಬ ಆಳು ಬಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡ. ಕಿವಿಯಿಂದ ಹತ್ತಿಯುಂಡೆ ಕಿತ್ತೆಸೆದು, ಅದನ್ನು ಹಾಕಿಕೊಂಡು, ಸ್ವಿಚ್ಚು ಎಳೆದ. ಮಿಲ್ಲು ಗುಡುಗಿತು. ನೆಲ ನಡುಗಿತು. ಶ್ವೇತ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಹೊನ್ನಪ್ಪ ಮುಚ್ಚಿಕೊಳ್ಳಲಿಲ್ಲ. ಅವನ ಪಕ್ಕದ ಆಳೂ ಮುಚ್ಚಿಕೊಳ್ಳಲಿಲ್ಲ. ಅವನ ಕಿವಿಯ ಮೇಲೂ ಅಂಥದೇ ಒಂದು ಇತ್ತು.

ಪುಟ್ಟಸ್ವಾಮಿ ಅವಳನ್ನು ಬೇವಿನ ಮರದವರೆಗೆ ಕರೆದುಕೊಂಡು ಬಂದ. ಅಲ್ಲಿ ಮಾತು ಕೇಳುತ್ತಿತ್ತು.

"ಯಾರೋ ನಿಮ್ಗೆ ತಪ್ಪಾಗೇಳವ್ರೆ. ಅದ್ರೊಳ್ಗೆ ಬರೀ ಸ್ಪಂಜು ಕಣವ್ವ. ಒರಗಿನ ಸದ್ದು ಒಳೀಕೆ ಬರ್ದೇ ಇರ್ಲಿ ಅಂತ. ಮನೇಲಿ ಗಲಾಟೆ ತಡ್ಕಳಕಾಯ್ತಿಲ್ಲ, ಒಂದು ಕೊಡ್ರಿ ಅಂತ ಮೇಷ್ಟ್ರು ಇಸ್ಕಂಡೋದ್ರು."

ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಕನಿಕರದಿಂದ ಕೇಳಿದ.

"ಪಾಪ, ಎಷ್ಟು ಮಕ್ಳವ್ವ ನಿಮ್ಗೆ?"