ಕೆಂಪು ತುಂಡು

ಮರ್ವ್, ಕಾರಿನ ಬಣ್ಣದ ಮಾದರಿ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದೇ ಹಸಿರು ಬೇಕು," ಎಂದ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಗ್ಲೆನಿಸ್ ಅವನ ಕೈ ನೋಡಿದಳು. ಹಿಡಿದಿದ್ದು ಕೆಂಪು.

"ಹಸಿರಾದ್ರೆ ಆರ್ಡರ್ ಕೊಟ್ಟು ಹದಿನಾಲ್ಕು ತಿಂಗಳು ಕಾಯ್ಬೇಕು," ಎಂದ ಷೋರೂಮಿನ ಡ್ಯಾಮಿಯನ್, ಕಂಪ್ಯೂಟರಿನಿಂದ ತಲೆ ಎತ್ತದೆ. "ಇಲ್ಲಿ ನಿಂತಿರೋ ಹಳದಿ ಗಾಡಿ ತಗೊಳ್ಳಿ, ಆರು ಸಾವಿರ ಡಾಲರ್ ಕಮ್ಮಿ. ಬೀಗದಕೈ ಅಲ್ಲೇ ಇದೆ, ಒಂದು ರೌಂಡ್ ಹೋಗ್ಬನ್ನಿ."

ಮರ್ವ್ ಬೀಗದಕೈ ಮುಟ್ಟಲಿಲ್ಲ. ಎದ್ದು ಹೋಗಿ ಹಳದಿ ಕಾರಿನ ಮೈಮೇಲೆ ಬೆರಳಾಡಿಸಿದ. "ಇಲ್ಲಿ ಪೇಂಟ್ ದಪ್ಪ ಕೂತಿದೆ. ನಮ್ಮ ಫ್ಯಾಕ್ಟರೀಲಿ ಆಗಿದ್ರೆ ವಾಪಸ್ ಕಳಿಸ್ತಿದ್ದೆ." ಅಡಿಲೇಡಿನ ಕಾರು ಕಾರ್ಖಾನೆ ಮುಚ್ಚುವವರೆಗೆ ಮೂವತ್ತೊಂದು ವರ್ಷ ಅವನು ಬಣ್ಣ ಪರೀಕ್ಷಿಸಿದವನು. ಎರಡು ಬಿಳಿಗಳ ನಡುವಿನ ವ್ಯತ್ಯಾಸಕ್ಕೆ ಜಗಳವಾಡಿದವನು. ಈಸ್ಟರಿನಿಂದೀಚೆಗೆ ಮಾತ್ರ, ಎಲ್ಲಿಗೆ ಹೊರಟರೂ "ಸೊಂಟ ನೋವು ಕಣೇ, ನೀನೇ ಓಡಿಸು" ಎನ್ನುತ್ತಿದ್ದ. ಸೊಂಟಕ್ಕೆ ತಾನು ತಿಕ್ಕಿದ ಮುಲಾಮೆಲ್ಲ ಗ್ಲೆನಿಸ್‌ಗೆ ನೆನಪಾಯಿತು.

"ಹದಿನಾಲ್ಕು ತಿಂಗಳು ಕಾಯ್ತೀಯಾ, ಮುದುಕಾ?"

"ಕಾಯ್ತೀನಿ. ನಂಗೇನು ಅವಸರ?" ಎಂದ ಮರ್ವ್, ಅವಳ ಮುಖ ನೋಡದೆ.

"ಹಸಿರು ಅಂತ ಬರ್ಕೊಳ್ಳಪ್ಪಾ," ಎಂದು ಡ್ಯಾಮಿಯನ್‌ಗೆ ಹೇಳಿ, ಗ್ಲೆನಿಸ್ ಕೆಂಪು ತುಂಡನ್ನು ತನ್ನ ಚೀಲದೊಳಗೆ ಹಾಕಿಕೊಂಡಳು. ಕಾಗದ ಮುಂದೆ ಬಂತು. ಮರ್ವ್ ಪೆನ್ನು ಹಿಡಿದು, ಇನ್ನೊಂದು ಕೈಯಿಂದ ಕಾಗದದ ಅಂಚು ತಡವಿದ. ಅವಳು ಅವನ ಎಡಗೈ ಬೆರಳನ್ನು ಹಿಡಿದು, ಸಹಿ ಹಾಕಬೇಕಾದ ಜಾಗದ ಮೇಲೆ ಇಟ್ಟಳು.