ಮೊದಲು ಇಟ್ಟ ಹೆಸರು

ಮೇಷ್ಟ್ರು ಮೀನು ಸಂಗ್ರಹದ ಕೋಣೆಗೆ ಒಳಗಿನಿಂದ ಅಗುಳಿ ಹಾಕಿಕೊಂಡಿದ್ದರು. ಎದೆಗವಚಿಕೊಂಡಿದ್ದ ಗಾಜಿನ ಜಾಡಿಯಲ್ಲಿ, ಸ್ಪಿರಿಟ್ಟಿನೊಳಗೆ, ಹೆಬ್ಬೆರಳಿಗಿಂತ ಚಿಕ್ಕದೊಂದು ಕಪ್ಪು ಮೀನು.

“ಸರ್, ಬಾಗಿಲು ತೆಗೀರಿ,” ಹೊರಗಿನಿಂದ ಶಿಷ್ಯೆ ಕೂಗಿದಳು. “ಹೇಳೋದು ಇನ್ನೂ ಇದೆ.”

“ಹೇಳಿದ್ದು ಸಾಲದಾ?”

ಬೆಳಿಗ್ಗೆ ಅವಳು ಹೇಳಿದ್ದು ಇಷ್ಟು. ಆಳಸಮುದ್ರದ ಬಲೆಗೆ ದೊಡ್ಡದೊಂದು ಗಾಳಮೀನು ಬಿದ್ದಿತ್ತು. ಹಣೆಯ ಮೇಲೆ ದೀಪ ತೂಗಿಸಿಕೊಂಡು ಬೇಟೆಯಾಡುವ ಹೆಣ್ಣು. ಅದರ ಹೊಟ್ಟೆಗೆ ಕಚ್ಚಿಕೊಂಡು, ಚರ್ಮಕ್ಕೆ ಚರ್ಮ ಬೆಸೆದುಹೋಗಿದ್ದ ಪುಟ್ಟ ಗಂಡು ಮಾತ್ರ ಮೇಷ್ಟ್ರ ಜಾಡಿಯ ಮೀನಿನ ಪಡಿಯಚ್ಚು. ಮೂವತ್ತು ವರ್ಷ ಬೇರೆ ಜಾತಿಯೆಂದು ನಂಬಿದ್ದ ಮೀನು ಆ ಹೆಣ್ಣಿನ ಜಾತಿಯದೇ ಗಂಡಾಗಿತ್ತು. ಒಂದು ಜಾತಿಗೆ ಎರಡು ಹೆಸರಿರಕೂಡದು. ಮೊದಲು ಅಚ್ಚಾದದ್ದೇ ಉಳಿಯಬೇಕು. ಹೆಣ್ಣಿನ ಹೆಸರು ಜಾಡಿಯ ಮೀನಿನ ಹೆಸರಿಗಿಂತ ಎಂಟು ತಿಂಗಳು ಹಳೆಯದು. ಅಷ್ಟು ಕೇಳಿದ್ದೇ ಮೇಷ್ಟ್ರು ಎದ್ದು ಬಂದುಬಿಟ್ಟಿದ್ದರು.

ಜಾಡಿಯ ಮೀನಿಗೆ ಅವರಿಟ್ಟದ್ದು ಮಗಳ ಹೆಸರು. ಅವಳೂ ಮೀನುಗಳ ಹಿಂದೆ ಬಿದ್ದವಳೇ. ಸಮೀಕ್ಷೆಯ ಹಡಗು ಮುಳುಗಿದಾಗ ಅವಳಿಗೆ ಇಪ್ಪತ್ತಾರು. ದೇಹವೂ ಸಿಗಲಿಲ್ಲ. ಅಪ್ಪನ ಪಾಲಿಗೆ ಉಳಿದದ್ದು ಜಾಡಿಗೆ ಅಂಟಿಸಿದ, ಅವಳ ಹೆಸರಿನ ಚೀಟಿಯೊಂದೇ.

ಬಹಳ ಹೊತ್ತಾದ ಮೇಲೆ ಅಗುಳಿ ಸರಿಯಿತು. ಮೇಷ್ಟ್ರ ಕಣ್ಣು ಕೆಂಪಾಗಿತ್ತು.

“ನಿನಗೆ ಈ ನಿಯಮ ಕಲಿಸಿದವನೇ ನಾನು. ಕೊಡು ಪೆನ್ನು.”

“ಸರ್, ಒಂದು ನಿಮಿಷ...”

ಅವರು ಕೇಳಲಿಲ್ಲ. ದಾಖಲೆ ಪುಸ್ತಕ ತೆರೆದು ಮಗಳ ಹೆಸರಿನ ಮೇಲೆ ಗೆರೆ ಎಳೆದರು. ಪೆನ್ನು ಮುಚ್ಚಿಟ್ಟು ಕುರ್ಚಿಯಲ್ಲಿ ಕುಸಿದರು.

“ಯಾರಮ್ಮಾ ಆ ಪುಣ್ಯಾತ್ಮ, ನಮಗಿಂತ ಮುಂಚೆ ಹೆಸರಿಟ್ಟವನು? ನನ್ನ ಮಗಳನ್ನ ಎರಡನೇ ಸಲ ಮುಳುಗಿಸಿಬಿಟ್ಟನಲ್ಲ.”

“ಬೈಬೇಡಿ ಸರ್. ಹೆಸರಿಟ್ಟವರೂ ಈಗಿಲ್ಲ.”

ಶಿಷ್ಯೆ ಚೀಲದಿಂದ ಹಳದಿಗಟ್ಟಿದ ತೆಳ್ಳನೆಯ ಪತ್ರಿಕೆಯೊಂದನ್ನು ತೆಗೆದಳು. ದೂರದ ಯಾವುದೋ ಬಂದರಿನಲ್ಲಿ ಎರಡೇ ಸಂಚಿಕೆ ಅಚ್ಚಾಗಿ ನಿಂತುಹೋದದ್ದು. ಇಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೇಷ್ಟ್ರು ಕನ್ನಡಕ ಏರಿಸಿಕೊಂಡರು. ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಅಂಗೈಯಿಂದ ಆ ಪುಟವನ್ನು ಮೆಲ್ಲಗೆ ಸವರುತ್ತ ಬಿಕ್ಕಿದರು.

ಲೇಖನ ಬರೆದವಳು ಅವರ ಮಗಳು. ಆ ಹೆಣ್ಣು ಮೀನಿಗೆ ಅವಳು ಇಟ್ಟದ್ದು ಅಪ್ಪನ ಹೆಸರು.