ಮೀಟರ್ ಹಾಕದ ಟ್ಯಾಕ್ಸಿ

ವಿಮಾನ ನಿಲ್ದಾಣದಿಂದ ಆಕೆ ಹೊರಬಂದದ್ದೇ ತಡ, ಟ್ಯಾಕ್ಸಿಯವನು ಕಂಬದ ಮರೆಯಿಂದ ಕದಲಿದ. ಫೋನಿನಲ್ಲಿದ್ದ ಫೋಟೊ ಇನ್ನೊಮ್ಮೆ ನೋಡಿಕೊಂಡ. ಅದೇ ಹೆಂಗಸು. ವಿವರವೆಲ್ಲ ಬಾಯಿಪಾಠವಾಗಿತ್ತು: ಗಂಡ ಇಲ್ಲ, ಮೂವತ್ತು ವರ್ಷ ಬಸ್ ಕಂಡಕ್ಟರ್, ಮೊದಲ ವಿದೇಶ ಪ್ರಯಾಣ, ಸುಲಭಕ್ಕೆ ಯಾರನ್ನೂ ನಂಬುವವರಲ್ಲ. ನರ್ಸ್ ಮಗಳಿಗೆ ಮಧ್ಯಾಹ್ನದವರೆಗೆ ಆಸ್ಪತ್ರೆಯಿಂದ ಬಿಡುವಿಲ್ಲ ಎನ್ನುವುದೂ ಅವನಿಗೆ ಗೊತ್ತಿತ್ತು.

"ಟ್ಯಾಕ್ಸಿ ಬೇಕಾ ಅಮ್ಮಾ?"

ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ಎಂಥವರೂ ಕರಗುತ್ತಾರೆ. ಆಕೆ ಕರಗಲಿಲ್ಲ. ಅವನ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿದರು.

"ನಾನು ಕನ್ನಡದವಳು ಅಂತ ಹೇಗಪ್ಪಾ ಗೊತ್ತಾಯ್ತು?"

"ಪೆಟ್ಟಿಗೆ ಮೇಲಿನ ಚೀಟಿ ಕನ್ನಡದಲ್ಲಿದೆಯಲ್ಲ."

"ಚುರುಕಾಗಿದ್ದೀಯ. ವಿದೇಶದಲ್ಲಿ ಟ್ಯಾಕ್ಸಿಯವರು ಟೋಪಿ ಹಾಕ್ತಾರೆ, ಹುಷಾರು ಅಂತ ಎಲ್ಲರೂ ಹೇಳಿ ಕಳಿಸಿದ್ದಾರೆ," ಎನ್ನುತ್ತ ಆಕೆ ನಂಬರ್ ಪ್ಲೇಟಿನ ಫೋಟೊ ತೆಗೆದರು. ಆಮೇಲೆ ಅವನ ಲೈಸೆನ್ಸಿನದು, ಹಿಂದೆ ಮುಂದೆ ಎರಡೂ. ಕೈಚೀಲವನ್ನು ಅವುಚಿಕೊಂಡು ಹಿಂದಿನ ಸೀಟಿನಲ್ಲಿ ಕೂತರು.

"ಮೀಟರ್?"

ಅವನು ನಾಲಿಗೆ ಕಚ್ಚಿಕೊಂಡ. ಮೀಟರಿನ ಯೋಚನೆಯೇ ಬಂದಿರಲಿಲ್ಲ.

ಸೇತುವೆ ದಾಟುವಾಗ ಇಯರ್‌ಫೋನಿನಲ್ಲಿ ಹೆಣ್ಣು ದನಿಯೊಂದು ಪಿಸುಗುಟ್ಟಿತು: "ಹತ್ತಿದ್ರಾ?"

"ಹತ್ತಿದ್ರು. ಆದ್ರೆ ಕಷ್ಟ ಇದೆ," ಎಂದು ಅವನು ಆ ಊರಿನ ಭಾಷೆಯಲ್ಲೇ ಗೊಣಗಿದ. ನಂತರ ಗಾಡಿ ನಿಲ್ಲಿಸಿ ಫ್ಲಾಸ್ಕ್ ಚಾಚಿದ. "ಚಹಾ ತಗೊಳ್ಳಿ ಅಮ್ಮಾ. ಸಕ್ಕರೆ ಹಾಕಿಲ್ಲ."

"ಅಪರಿಚಿತರು ಕೊಟ್ಟದ್ದು ಕುಡಿಯಬಾರದಂತೆ. ಮೊದಲು ನೀನು ಕುಡಿ."

ಅವನು ಕುಡಿದ. ಆಕೆ ವಾಚು ನೋಡುತ್ತ ಐದು ನಿಮಿಷ ಕಾದರು. ಅವನು ಬೀಳಲಿಲ್ಲ. ಆಮೇಲೆ ಎರಡು ಲೋಟ ಸುರಿದುಕೊಂಡರು.

"ಯಾರು ಮಾಡಿದ್ದು?"

"ನಾನೇ."

"ಅಡುಗೆನೂ ಬರುತ್ತಾ?"

"ಬರುತ್ತೆ."

"ಕುಡಿತ? ಕುಡಿಯೋ ಡ್ರೈವರುಗಳ ಜೊತೆ ನಾನು ಬೇಕಾದಷ್ಟು ಏಗಿದ್ದೀನಿ."

"ಇಲ್ಲಮ್ಮಾ."

"ಸಿಟ್ಟು?"

"ಟ್ರಾಫಿಕ್ಕಲ್ಲಿ ಸ್ವಲ್ಪ ಬರುತ್ತೆ."

ಪೊಲೀಸರೂ ಇಷ್ಟು ಕೆದಕುವುದಿಲ್ಲ. ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಔಷಧಿ ಅಂಗಡಿಯೊಂದರ ಮುಂದೆ ಆಕೆ ಗಾಡಿ ನಿಲ್ಲಿಸಲು ಹೇಳಿ ಇಳಿದುಹೋದರು. ಕೈಚೀಲ ಸೀಟಿನ ಮೇಲೆಯೇ ಉಳಿದಿತ್ತು, ಅದೂ ಬಾಯಿ ತೆರೆದುಕೊಂಡು. ಒಳಗೆ ಪಾಸ್‌ಪೋರ್ಟ್, ನೋಟಿನ ಕಟ್ಟು. ಎಂಜಿನ್ ಓಡುತ್ತಲೇ ಇತ್ತು. ಬೇರೆಯವನಾಗಿದ್ದರೆ ಅಲ್ಲಿಂದಲೇ ಪರಾರಿ. ಆದರೆ ಅವನು ಕಣ್ಣಿಟ್ಟದ್ದು ಚೀಲದ ಮೇಲಲ್ಲ. ಅವನಿಗೆ ಬೇಕಾದದ್ದು ಅದಕ್ಕಿಂತ ದೊಡ್ಡದು. ಆಕೆ ನಂಬದೆ ಅದು ಕೈಗೆ ಸಿಗುವಂತಿರಲಿಲ್ಲ. ಚೀಲ ಎತ್ತಿಕೊಂಡು ಹಿಂದೆಯೇ ಓಡಿದ. ಆಕೆ ಅಂಗಡಿಯ ಬಾಗಿಲಲ್ಲೇ ನಿಂತು ಇತ್ತ ನೋಡುತ್ತಿದ್ದರು.

"ಮರೆತೇಬಿಟ್ಟಿದ್ದೆ ನೋಡು," ಎಂದರು. ಔಷಧಿ ಮಾತ್ರ ಕೊಳ್ಳಲಿಲ್ಲ.

ಮೂರನೇ ಮಹಡಿಗೆ ಪೆಟ್ಟಿಗೆ ಹೊತ್ತು ತಂದಾಗ ಅವನು ಏದುತ್ತಿದ್ದ. ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದ ಮಗಳು ಬಾಗಿಲು ತೆರೆದು ಅಮ್ಮನನ್ನು ತಬ್ಬಿಕೊಂಡಳು.

"ದಾರಿಯಲ್ಲಿ ತೊಂದರೆ ಆಗ್ಲಿಲ್ಲ ತಾನೆ? ಡ್ರೈವರ್ ಒಳ್ಳೆಯವರಾ?" ಒಂದೇ ಉಸಿರಿಗೆ ಕೇಳಿದಳು. ಇಯರ್‌ಫೋನಿನಲ್ಲಿ ಪಿಸುಗುಟ್ಟಿದ್ದ ದನಿ ಅದೇ. ಉಪಾಯವೂ ಅವಳದೇ: ಯಾರೆಂದು ತಿಳಿಯದೆಯೇ ಅಮ್ಮ ಹುಡುಗನನ್ನು ಮೆಚ್ಚಲಿ, ಮದುವೆಯ ಮಾತು ಆಮೇಲೆ ಎತ್ತಿದರಾಯಿತು.

ಟ್ಯಾಕ್ಸಿಯವನು ಮೆಲ್ಲಗೆ ಮೆಟ್ಟಿಲ ಕಡೆ ತಿರುಗಿದ.

"ನೀನೆಲ್ಲಿಗಪ್ಪಾ? ಒಳಗೆ ಬಾ," ಎಂದರು ಆಕೆ. ಆಮೇಲೆ ಮಗಳ ಕಡೆ ತಿರುಗಿದರು. "ನೀನು ವಿಡಿಯೊ ಕಾಲ್ ಮಾಡಿದಾಗೆಲ್ಲ ಹಿಂದಿನ ಕಿಟಕಿ ಗಾಜಲ್ಲಿ ಪಾತ್ರೆ ತೊಳೀತಾ ಕಾಣ್ತಿದ್ದವನು ಇವನೇ ಅಂತ ನೋಡಿದ ಕೂಡಲೇ ಗುರುತು ಸಿಕ್ತು, ಗಂಡು ನೋಡೋ ಕೆಲಸ ದಾರೀಲೇ ಮುಗಿಸಿಕೊಂಡು ಬಂದೆ."